ದೀಪದಾಟದಲ್ಲಿ ಕೆಟ್ಟದ್ದು ಮರವಲ್ಲ

ಮರ ಕೆಟ್ಟಿತು ಎಂದು ಈಗಲೂ ಹೇಳುತ್ತಾರೆ. ಈ ಮಳೆಗಾಲದಲ್ಲಿ ಪಾಲಿಬೆಟ್ಟದ ಒಂದು ಎಸ್ಟೇಟ್ ಬಂಗಲೆಯಲ್ಲಿ, ಗಾಜಿನ ಬೀರುವಿನ ಮುಂದೆ ನನ್ನನ್ನು ನಿಲ್ಲಿಸಿಕೊಂಡು ಮನೆಯ ಯಜಮಾನರು ನನಗೇ ಅದನ್ನು ವಿವರಿಸಿದರು. ಬೀರುವಿನಲ್ಲಿದ್ದ ಆ ಆಟದ ಪೆಟ್ಟಿಗೆಯನ್ನು ನಾವು ಮಾಡುವ ಕಾಲಕ್ಕೆ ಅವರಿನ್ನೂ ಹುಟ್ಟಿರಲಿಲ್ಲ. "ಆ ಕಾಲದಲ್ಲೇ ಇಂಥದ್ದು ಮಾಡಿದ್ರಲ್ಲ ಸರ್! ಈಗಿನ ಮಕ್ಕಳು ಕೈಯಲ್ಲಿ ಹಿಡ್ಕೊಂಡು ಆಡೋ ವಿಡಿಯೊ ಗೇಮ್‌ಗೆ ಇದು ಅಜ್ಜ ಅಲ್ವಾ? ಆದ್ರೆ ಪಾಪ, ಮರ ನೋಡಿ. ನಮ್ಮ ಮಳೆಗೆ ನಿಲ್ಲಲಿಲ್ಲ."

ಮರ ನಿಂತಿತ್ತು. ಅವರ ಕೈಯಲ್ಲೇ ಇತ್ತು. ಇಷ್ಟು ವರ್ಷವಾದರೂ ಮುಚ್ಚಳದ ಸಂದಿಯಲ್ಲಿ ಉಗುರು ತೂರಿಸುವಷ್ಟು ಜಾಗವಿರಲಿಲ್ಲ. ಕೈಯಲ್ಲಿರುವುದನ್ನು ಬಿಟ್ಟು ಕಿವಿಗೆ ಬಿದ್ದದ್ದನ್ನು ನಂಬುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಉರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಆ ಮಾತು ಅವರ ಕಿವಿಯವರೆಗೆ ಹೇಗೆ ಬಂತು ಎನ್ನುವುದರಲ್ಲಿ ನನ್ನದೂ ಪಾಲಿದೆ. ಅದನ್ನೂ ಬರೆಯುತ್ತೇನೆ.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕೊಡ್ಲಿಪೇಟೆಯ ಕಚೇರಿ ಬೋರ್ಡುಗಳ ಮೇಲೆ ಹೊಸ ಬಣ್ಣ ಇನ್ನೂ ಒಣಗುತ್ತಿತ್ತು ಎಂದು ಹೇಳಿ ನನಗೆ ಅಭ್ಯಾಸ. ಬಣ್ಣ ಒಣಗುವುದನ್ನು ನಿಜವಾಗಿ ನೋಡಿದೆನೋ, ಮಾತಿಗೆ ಚೆನ್ನಾಗಿದೆ ಎಂದು ಆಮೇಲೆ ಸೇರಿಸಿಕೊಂಡೆನೋ, ಈಗ ಆಣೆ ಮಾಡಿ ಹೇಳಲಾರೆ. ಅಲ್ಲಿ ನಾನು ರೇಡಿಯೊ, ಗಡಿಯಾರ, ಟಾರ್ಚು ರಿಪೇರಿ ಮಾಡುತ್ತಿದ್ದೆ. ರೇಡಿಯೊ ಇದ್ದ ಮನೆಗಳು ಕಡಿಮೆ, ಟಾರ್ಚು ಇಲ್ಲದ ಮನೆಯೇ ಇಲ್ಲ. ನನ್ನ ಅಂಗಡಿಗೆ ತಾಗಿದ ಚಾವಡಿಯಲ್ಲಿ ಒಬ್ಬ ಆಚಾರ್ರು ಮರಗೆಲಸ ಮಾಡುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಅದಕ್ಕೆ ಮೊದಲು ಒಂದು ಎಸ್ಟೇಟಿನಲ್ಲಿ ಆಳುಗಳ ಲೈನ್ ಮನೆಗಳಿಗೆ ಬಾಗಿಲು ಕಿಟಕಿ ಮಾಡಿಕೊಂಡಿದ್ದವರು, ಅಲ್ಲಿನ ಲೆಕ್ಕ ನೋಡುವ ರೈಟರ ಕೈಕೆಳಗೆ ಇರಲಾಗದೆ ಬಿಟ್ಟು ಬಂದಿದ್ದರು.

"ಬಾಗ್ಲು ಮಾಡಪ್ಪ ಅಂದ್ರೆ ಮಾಡ್ತೀನಿ ಕಣಯ್ಯ," ಎನ್ನುತ್ತಿದ್ದರು. "ಬಾಗ್ಲು ಹೆಂಗ್ ಮಾಡ್ಬೇಕು ಅಂತ ರೈಟ್ರು ಹೇಳ್ಕೊಡಕ್ಕೆ ಬಂದ್ರೆ ಉಳಿ ಅವ್ನ ಕೈಗೇ ಕೊಟ್ ಬರ್ತೀನಿ."

ನಿಜವಾಗಿಯೂ ಕೊಟ್ಟೇ ಬಂದಿದ್ದರಂತೆ.

ಆಟದ ಪೆಟ್ಟಿಗೆಯನ್ನು ಮೊದಲು ನಾನು ಮಾಡಿದ್ದು ಒಂದು ಹಾಳು ಟಾರ್ಚು ಮತ್ತು ಸಿಗರೇಟಿನ ತಗಡು ಡಬ್ಬಿಯಿಂದ. ಎರಡು ಕೈಯಲ್ಲಿ ಹಿಡಿಯುವಷ್ಟು ಅಗಲದ ಪೆಟ್ಟಿಗೆ. ಒಳಗೆ ಎರಡು ಸೆಲ್, ಮೂಲೆಯಲ್ಲಿ ಒಂದು ಬಲ್ಬು. ಮೇಲೆ ಗಾಜು. ಗಾಜಿನ ಕೆಳಗೆ ತೆಳು ಹಲಗೆ, ಹಲಗೆಯಲ್ಲಿ ಕೊರೆದ ದಾರಿ, ದಾರಿಯುದ್ದಕ್ಕೂ ಕುಳಿಗಳು. ದಾರಿಯ ಒಂದು ತುದಿಯಲ್ಲಿ ಸೈಕಲ್ ಬೇರಿಂಗಿನ ಗುಂಡು. ಪೆಟ್ಟಿಗೆಯನ್ನು ಅತ್ತಿತ್ತ ವಾಲಿಸುತ್ತ, ಕುಳಿಗೆ ಬೀಳದಂತೆ ಗುಂಡನ್ನು ಇನ್ನೊಂದು ತುದಿಗೆ ಉರುಳಿಸಬೇಕು. ಕೊನೆಯ ಕುಳಿಯಲ್ಲಿ ಎರಡು ಹಿತ್ತಾಳೆ ಮೊಳೆ. ಗುಂಡು ಅಲ್ಲಿ ಕೂತರೆ ಎರಡೂ ಮೊಳೆ ಸೇರಿ ಕರೆಂಟು ಹರಿದು ಬಲ್ಬು ಹತ್ತುತ್ತದೆ.

ಇಷ್ಟೇ ಆಗಿದ್ದರೆ ಆಟಿಕೆ. ನನಗೆ ಹುಚ್ಚು ಹಿಡಿಸಿದ್ದು ಹಲಗೆ. ಅದನ್ನು ಎಳೆದು ತೆಗೆದು ಬೇರೆ ಹಲಗೆ ತೂರಿಸಿದರೆ ಬೇರೆ ಆಟ. ಹಲಗೆಯ ಕೆಳಗಿನ ಹಿತ್ತಾಳೆ ಪಟ್ಟಿ ಪೆಟ್ಟಿಗೆಯೊಳಗಿನ ಸ್ಪ್ರಿಂಗುಗಳಿಗೆ ತಾಗಿ ಕರೆಂಟು ಸೇರುತ್ತದೆ. ಒಂದರಲ್ಲಿ ಘಾಟಿ ರಸ್ತೆ, ಒಂದರಲ್ಲಿ ಹೊಳೆ ದಾಟುವುದು, ಒಂದರಲ್ಲಿ ಕಾಫಿ ತೋಟದಿಂದ ಆನೆಯನ್ನು ಹೊರಗೆ ಅಟ್ಟುವುದು. ಪೆಟ್ಟಿಗೆ ಒಂದೇ, ಆಟ ಎಷ್ಟು ಬೇಕಾದರೂ. ಇದು ಕೊಡ್ಲಿಪೇಟೆಯಲ್ಲಿ ನಿಲ್ಲುವ ವಸ್ತುವಲ್ಲ ಎಂದು ನನಗೆ ಖಾತ್ರಿಯಾಗಿತ್ತು. ದೀಪದಾಟ ಎಂದು ಹೆಸರಿಟ್ಟೆ.

ತಗಡಿನ ಡಬ್ಬಿಯಲ್ಲಿ ಹಲಗೆ ಸರಿಯಾಗಿ ಜಾರುತ್ತಿರಲಿಲ್ಲ. ಆಚಾರ್ರಿಗೆ ತೋರಿಸಿದೆ. ಅವರು ಗುಂಡು ಉರುಳಿಸಿ ಮೂರು ಸಲ ಸೋತು, ನಾಲ್ಕನೆಯ ಸಲ ದೀಪ ಹತ್ತಿದಾಗ ಯಾರಾದರೂ ನೋಡಿದರೇನೋ ಎನ್ನುವಂತೆ ರಸ್ತೆಯ ಕಡೆ ತಿರುಗಿದರು. ಮಾರನೆಯ ದಿನ ಹಳೆಯ ಹಲಸಿನ ಹಲಗೆಗಳನ್ನು ಹೊತ್ತು ತಂದರು. ಯಾವುದೋ ಮನೆ ಬಿಚ್ಚಿದಾಗ ಸಿಕ್ಕಿದ ಮರದ ಕಣಜದವು.

"ಅಡಿಗೆಮನೆ ಗೋಡೆಗೆ ಒರಗಿದ್ದ ಕಣಜ ಇದು. ಮೂರು ತಲೆಮಾರು ಹೊಗೆ ಕುಡ್ದೈತೆ. ಇನ್ನಿದು ಉಬ್ಬದೂ ಇಲ್ಲ, ಕುಗ್ಗದೂ ಇಲ್ಲ."

ಅವರು ಮಾಡಿದ ಪೆಟ್ಟಿಗೆಗೆ ಒಂದೂ ಮೊಳೆ ಇರಲಿಲ್ಲ. ಮೂಲೆಗಳನ್ನು ಹಲ್ಲಿಗೆ ಹಲ್ಲು ಕೂರಿಸಿ ಕಚ್ಚಿಸಿದ್ದರು. ಹಿಂದಿನ ಮುಚ್ಚಳ ಅಂಚಿನಲ್ಲಿ ಕೊರೆದ ಗೆರೆಯಲ್ಲಿ ಜಾರಿ ಬಂದು ಕೂತರೆ ಸಂದಿ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಬೇಕಿತ್ತು. ಅದರ ಮೇಲೆ ನಾನು ಮೇಣ ಮೆತ್ತಿದೆ. ಜೇನುಮೇಣಕ್ಕೆ ರಾಳ ಸೇರಿಸಿ ಕಾಸಿ, ಮುಚ್ಚಳದ ಒಳಸುತ್ತಿಗೂ ಸ್ಪ್ರಿಂಗಿನ ಬುಡಕ್ಕೂ ಹಚ್ಚಿದೆ.

"ಯಾಕಪ್ಪಾ ಇಂಜಿನೀರೇ, ನನ್ ಸಂದಿ ಸೋರತ್ತಾ?"

"ಸಂದಿ ಅಲ್ಲ ಆಚಾರ್ರೇ. ನಮ್ಮ ಮಳೇಲಿ ಗಾಳೀಲೇ ನೀರಿರುತ್ತೆ."

"ಹಂಗಾದ್ರೆ ಗಾಳಿಗೆ ಮೆತ್ತು. ನನ್ ಕೆಲ್ಸಕ್ಕೆ ಯಾಕೆ ಮೆತ್ತೀಯ?"

ಮೆತ್ತಿದೆ. ಅಷ್ಟೇ ಅಲ್ಲ, ಪ್ರತಿ ಪೆಟ್ಟಿಗೆಯ ಬೆನ್ನಿಗೆ ನನ್ನ ಕೈಬರಹದ ಚೀಟಿ ಅಂಟಿಸಿದೆ: 'ತೇವ ತಾಗಿಸಬೇಡಿ. ಒಣಗಿದ ಜಾಗದಲ್ಲಿ ಇಡಿ.' ಕೆಳಗೆ ನನ್ನ ಹೆಸರು. ಆಚಾರ್ರ ಹೆಸರು ಹಾಕಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿತ್ತು, ಜಾಗ ಸಾಲಲಿಲ್ಲ ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದೆ. ಆ ಚೀಟಿಯನ್ನು ಈಗ ಪಾಲಿಬೆಟ್ಟದಲ್ಲಿ ಮತ್ತೆ ನೋಡಿದೆ. ಜಾಗ ಬೇಕಾದಷ್ಟಿದೆ.

ಮಳೆಗೆ ಮೊದಲು ಮೂವತ್ತಾರು ಪೆಟ್ಟಿಗೆ ಮಡಿಕೇರಿಯ ಒಂದು ಸ್ಟೇಷನರಿ ಅಂಗಡಿಗೆ ಹೋದವು. ಅಂಗಡಿಯವರು ಮಂಗಳೂರು ಕಡೆಯವರು, ಅನುಮಾನದಿಂದಲೇ ಇಟ್ಟುಕೊಂಡಿದ್ದರು. ನಾನು ಮುಂದಿನ ವಾರ ಹೋದಾಗ ನಗುತ್ತ ನಿಂತಿದ್ದರು.

"ಎಂಥದು ಮಾರಾಯ್ರೆ ಇದು! ಮಕ್ಕಳಿಗೆ ಅಂತ ತಗೊಂಡವರು ಮಕ್ಕಳಿಗೆ ಕೊಡ್ಲಿಕ್ಕೇ ಒಪ್ಪುದಿಲ್ಲ. ಒಬ್ಬರು ಕಾಫಿ ಬ್ರೋಕರು ಬಸ್ಸು ತಪ್ಪಿಸಿಕೊಂಡು ಇಲ್ಲೇ ಕೂತು ಆನೆ ಓಡಿಸಿದ್ರು."

ಎಲ್ಲವೂ ಮಾರಾಟವಾದವು. ಅಂಗಡಿಯವರ ಮೂಲಕ ಮೈಸೂರಿನ ಒಬ್ಬ ಆಟಿಕೆ ವ್ಯಾಪಾರಿಯವರಿಗೆ ಸುದ್ದಿ ಮುಟ್ಟಿತು. ಮಳೆ ಮುಗಿದ ಮೇಲೆ ಬರುತ್ತೇನೆ, ಪೆಟ್ಟಿಗೆ ಒಂದು ಕೊಡಗಿನ ಮಳೆಗಾಲ ತಡೆದುಕೊಂಡರೆ ವರ್ಷವಿಡೀ ಎಷ್ಟು ಮಾಡಿದರೂ ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದರು. ಆಚಾರ್ರು ಬಾಗಿಲು ಕಿಟಕಿಗಳ ಕೆಲಸ ಒಪ್ಪಿಕೊಳ್ಳುವುದನ್ನು ನಿಲ್ಲಿಸಿದರು. ಹಳೆಯ ಎಸ್ಟೇಟಿನಿಂದ ಮತ್ತೆ ಬನ್ನಿ ಎಂದು ಹೇಳಿ ಕಳಿಸಿದಾಗ, "ನಾನೀಗ ಆನೆ ಓಡಿಸ್ತಾ ಇದೀನಿ ಅಂತ ಹೇಳು ರೈಟ್ರಿಗೆ," ಎಂದು ಬಂದವನನ್ನು ವಾಪಸು ಕಳಿಸಿದರು. ಆ ವ್ಯಾಪಾರಿ ಹೂಂ ಎಂದರೆ ಅವರು ಇನ್ನು ಯಾವ ರೈಟರ ಮುಂದೆಯೂ ನಿಲ್ಲಬೇಕಿರಲಿಲ್ಲ. ಮಿಕ್ಕಿದ್ದೆಲ್ಲ ನನ್ನ ಕನಸು, ಇದು ಅವರ ಬದುಕು.

ಮಳೆ ಹಿಡಿದ ಎರಡನೆಯ ತಿಂಗಳಿಗೆ ಮೊದಲ ಪೆಟ್ಟಿಗೆ ವಾಪಸು ಬಂತು. ಬಸ್ ಕಂಡಕ್ಟರು ತಂದು ಕೊಟ್ಟರು. ದೀಪ ಹತ್ತುತ್ತಿರಲಿಲ್ಲ. ಬಿಚ್ಚಿದರೆ ಸ್ಪ್ರಿಂಗಿನ ಮೇಲೆ ಹಳದಿ ಜಿಗುಟು. ತೇವ ಒಳಗೆ ಹೋಗಿ ಸೆಲ್ ಸೋರಿದೆ, ಮೇಣ ಸಾಲಲಿಲ್ಲ ಎಂದುಕೊಂಡೆ. ಉಜ್ಜಿ, ಹೊಸ ಸೆಲ್ ಹಾಕಿ, ಮೇಣವನ್ನು ಇನ್ನೂ ದಪ್ಪಗೆ ಹಚ್ಚಿ ಕಳಿಸಿದೆ. ಆ ವಾರ ನಾಲ್ಕು ಬಂದವು. ಅವಕ್ಕೂ ಹಾಗೇ ಮಾಡಿದೆ. ನಾನು ದಪ್ಪ ಮೇಣ ಹಚ್ಚಿದವೇ ಎಲ್ಲಕ್ಕಿಂತ ಬೇಗ ವಾಪಸು ಬರತೊಡಗಿದವು.

ಪೆಟ್ಟಿಗೆಗಳಿಗೆ ಹೊಗೆಯ ವಾಸನೆ ಇತ್ತು. ಅದನ್ನು ನಾನು ಗಮನಿಸಿದ್ದೆ, ಆದರೆ ಗಣನೆಗೆ ತೆಗೆದುಕೊಳ್ಳಲಿಲ್ಲ. ಮಳೆಗಾಲದ ಕೊಡಗಿನಲ್ಲಿ ಹೊಗೆಯ ವಾಸನೆ ಇಲ್ಲದ ವಸ್ತು ಯಾವುದಿದೆ? ನನ್ನ ಅಂಗಿಗೇ ಇತ್ತು.

ಆಚಾರ್ರು ಒಂದು ಪೆಟ್ಟಿಗೆ ಎತ್ತಿಕೊಂಡು ಮುಚ್ಚಳ ಎಳೆದು ಮುಚ್ಚಿದರು. "ನನ್ ಸಂದಿ ಸರಿ ಐತೆ. ಒಳಗಿಂದು ನಿಂದು, ನೋಡ್ಕೊ."

ಅಷ್ಟರಲ್ಲಿ ಮಡಿಕೇರಿಯಲ್ಲಿ ದೀಪದಾಟದ ಹೆಸರು ಬದಲಾಗಿತ್ತು. ಜನ ಅದನ್ನು ಹತ್ತದ ದೀಪ ಎನ್ನುತ್ತಿದ್ದರು. "ಮರ ಅಲ್ವಾ ಮಾರಾಯ್ರೆ, ಉಬ್ಬಿರ್ಬೇಕು," ಎಂದು ಅಂಗಡಿಯವರೂ ಗಿರಾಕಿಗಳಿಗೆ ಸಮಾಧಾನ ಹೇಳತೊಡಗಿದ್ದರು. ಯಾರೂ ಮುಚ್ಚಳ ಎಳೆದು ನೋಡಿದವರಲ್ಲ. ಮರ, ಮಳೆ, ಎರಡು ಪದ ಸೇರಿದರೆ ಉತ್ತರ ತಾನೇ ಬರುತ್ತದೆ.

ಕುಳಿತಲ್ಲೇ ತಿಳಿಯುವುದಿಲ್ಲ ಎಂದು ಕೊನೆಗೆ ನಾನು ಕಕ್ಕಬೆಗೆ ಹೋದೆ. ಅಲ್ಲಿನ ಒಂದು ಮನೆಯವರು ಪೆಟ್ಟಿಗೆ ಕೊಂಡಿದ್ದಾರೆ, ಅವರಿಂದ ದೂರು ಬಂದಿಲ್ಲ ಎಂದು ಅಂಗಡಿಯವರು ಹೇಳಿದ್ದರು. ಎರಡು ಬಸ್ಸು ಬದಲಿಸಿ, ಜಿಗಣೆ ಕಿತ್ತು ಎಸೆಯುತ್ತ ಏರು ಹತ್ತಿ ಮನೆ ಸೇರುವಾಗ ಮಧ್ಯಾಹ್ನ. ಮನೆಯ ಹಿರಿಯಮ್ಮ ಅರೆಭಾಷೆಯವರು, 'ಇದೆ' ಎನ್ನಲು 'ಉಟ್ಟು' ಎನ್ನುವವರು. ಒದ್ದೆ ಮುದ್ದೆಯಾದ ನನ್ನನ್ನು ನೇರ ಅಡಿಗೆಮನೆಗೇ ಕರೆದರು.

"ಬನ್ನಿ, ಕುದ್ರಿ. ಬೆಂಕಿ ಹತ್ರ ಕುದ್ರಿ. ಆ ಪೆಟ್ಟಿಗೆನಾ? ಉಟ್ಟು, ಉಟ್ಟು. ಜೋಪಾನ ಮಾಡ್ಯುಟ್ಟು."

ಒಲೆಯ ಮೇಲೆ ತೂಗುಬಿಟ್ಟ ಬಿದಿರಿನ ತಟ್ಟಿಯ ಕಡೆ ಕೈ ತೋರಿಸಿದರು. ಅಲ್ಲಿ ಬೆಂಕಿಪೊಟ್ಟಣ, ಉಪ್ಪಿನ ಭರಣಿ, ಬೀಜದ ಗಂಟು, ಬಟ್ಟೆ ಸುತ್ತಿದ ಕೋವಿ. ಕೋವಿಯ ಪಕ್ಕದಲ್ಲಿ ದೀಪದಾಟ. ಕೆಳಗಿನಿಂದ ಹೊಗೆ ಸುತ್ತಿಕೊಂಡು ಏರುತ್ತಿತ್ತು.

"ಅಲ್ಲಿ ಯಾಕೆ ಇಟ್ಟಿದ್ದೀರಿ ಅಮ್ಮಾ?"

"ಯಾಕೆ ಅಂದ್ರೆ? ನೀವೇ ಬರ್ದುಟ್ಟಲ್ಲ! ಒಣಗಿದ ಜಾಗಲಿ ಮಡ್ಗಿ ಅಂತ. ಈ ಮಳೆಲಿ ಒಣಗಿದ ಜಾಗ ಬೇರೆ ಎಲ್ಲಿ ಉಟ್ಟು, ಹೇಳಿ ನೋಡೋಣ."

ನಾನು ತಟ್ಟಿಯ ಕಡೆ ಮತ್ತೆ ನೋಡಿದೆ. ಅವರು ಬಿಡಲಿಲ್ಲ. "ನಿಮ್ಮ ಮನೆಲಿ ಬೆಂಕಿಪೊಟ್ಟಣ ಎಲ್ಲಿ ಮಡ್ಗುದು?"

"ಅಲ್ಲೇ ಅಮ್ಮಾ," ಎಂದೆ.

ನಮ್ಮ ಮನೆಯಲ್ಲೂ ಅಲ್ಲೇ. ಆಚಾರ್ರ ಮನೆಯಲ್ಲೂ ಅಲ್ಲೇ. ಆ ತಟ್ಟಿಯ ಕೆಳಗೆ ಕೂತು ಉಂಡು ಬೆಳೆದ ನಾನು, ಯಾವುದೋ ಇಂಗ್ಲಿಷ್ ರೇಡಿಯೊ ಪೆಟ್ಟಿಗೆಯ ಮೇಲೆ ನೋಡಿದ ಸೂಚನೆಯನ್ನು ಕನ್ನಡಕ್ಕೆ ಇಳಿಸಿ ಅಂಟಿಸಿ, ಮೂವತ್ತಾರು ಪೆಟ್ಟಿಗೆಗಳನ್ನು ನಾನೇ ಒಲೆಯ ಮೇಲೆ ಹತ್ತಿಸಿದ್ದೆ.

ಪೆಟ್ಟಿಗೆ ಇಳಿಸಿದರೆ ಕೈಗೆ ಬಿಸಿ ತಾಗಿತು. ಮುಚ್ಚಳ ಎರಡು ಬೆರಳಿಗೆ ಜಾರಿ ಬಂತು. ಒಳಗೆ ಮೇಣ ಕರಗಿ ಇಳಿದು ಸ್ಪ್ರಿಂಗುಗಳನ್ನೂ ಕೊನೆಯ ಕುಳಿಯನ್ನೂ ಮುಚ್ಚಿತ್ತು. ಗುಂಡು ಬೆಲ್ಲದಲ್ಲಿ ಸಿಕ್ಕಿದ ನೊಣದಂತೆ ಕೂತಿತ್ತು. ಸೆಲ್ ಸೋರಿರಲಿಲ್ಲ, ಯಾವ ಪೆಟ್ಟಿಗೆಯಲ್ಲೂ ಸೋರಿರಲಿಲ್ಲ. ನಾನು ಕಂಡ ಹಳದಿ ಜಿಗುಟು ನನ್ನದೇ ಮೇಣ. ಚಾಕುವಿನಿಂದ ಕೆರೆದು, ಅಮ್ಮನ ಹತ್ತಿರ ಸೀಮೆಎಣ್ಣೆ ಕೇಳಿ ತೊಳೆದು, ಗುಂಡು ಉರುಳಿಸಿದೆ. ದೀಪ ಹತ್ತಿತು.

"ಇಷ್ಟು ದಿನ ದೂರು ಯಾಕೆ ಹೇಳಲಿಲ್ಲ ಅಮ್ಮಾ?"

"ಮಳೆಗಾಲಲಿ ಎಂಥ ದೂರು? ಮಳೆಗಾಲಲಿ ಎಲ್ಲವೂ ಕೆಡುದೇ," ಎಂದು ಪೆಟ್ಟಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಆನೆ ಓಡಿಸಲು ಕೂತರು.

ಕೊಡ್ಲಿಪೇಟೆಗೆ ಬಂದು ಹೇಳಿದೆ. ಅವತ್ತೇ ಹೇಳಿದ್ದೆನಲ್ಲ ಎಂದು ಆಚಾರ್ರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಚೀಟಿಯನ್ನು ಹತ್ತಿರ ಹಿಡಿದು, ಒಂದನೇ ಕ್ಲಾಸಿನವರ ಹಾಗೆ ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಅದು ಬೈಗುಳಕ್ಕಿಂತ ಹೆಚ್ಚಾಯಿತು. ಆಮೇಲೆ ಕೇಳಿದರು, "ಮೇಣ ತೆಗುದ್ರೆ ಹಿತ್ತಾಳೆಗೆ ಕಿಲುಬು ಬರತ್ತೆ ಅಂತೀಯ, ಅಷ್ಟೇ ತಾನೆ?"

"ಹೂಂ. ಹೊಗೆಯ ಮಸಿಯೂ ಹಿಡಿಯುತ್ತೆ."

"ಬಾಗ್ಲ ಚಿಲ್ಕ ನೋಡು. ದಿನಾ ಎಳೀತಾ ಇದ್ರೆ ಹೊಳೀತಾ ಇರತ್ತೆ. ನಿನ್ ಸ್ಪ್ರಿಂಗು ಸುಮ್ನೆ ಕೂತೈತೆ, ಅದ್ಕೇ ಕೊಳೆ. ಹಲಗೆ ಹೋಗ್ತಾ ಬರ್ತಾ ಅದನ್ನ ಉಜ್ಜೋ ಹಂಗ್ ಮಾಡು."

ಇಡೀ ದೀಪದಾಟದಲ್ಲಿ ನಿಜವಾದ ಬುದ್ಧಿವಂತಿಕೆ ಎಂದರೆ ಇದು. ನಾನು ಸ್ಪ್ರಿಂಗಿನ ತುದಿಯನ್ನು ಬಗ್ಗಿಸಿ ಮೇಲಕ್ಕೆ ಎತ್ತಿದೆ. ಅವರು ಹಲಗೆಯ ಅಂಚನ್ನು ಕೂದಲಿನಷ್ಟು ಕೆತ್ತಿದರು. ಆಟ ಬದಲಿಸಿದಾಗಲೆಲ್ಲ ಹಲಗೆಯ ಕೆಳಗಿನ ಹಿತ್ತಾಳೆ ಪಟ್ಟಿ ಸ್ಪ್ರಿಂಗನ್ನು ಗೀರಿ ಹೊಳಪಿಸುತ್ತಿತ್ತು. ಕೊನೆಯ ಕುಳಿಯ ಮೊಳೆಗಳನ್ನೂ ಚೂಪು ಮಾಡಿದೆವು, ಗುಂಡು ಬಿದ್ದ ಏಟಿಗೇ ಮಸಿ ಸೀಳುವಂತೆ. ವಾಪಸು ಬಂದ ಹನ್ನೆರಡು ಪೆಟ್ಟಿಗೆಗಳ ಮೇಣ ಕೆರೆದು ಆರನ್ನು ನಮ್ಮ ಮನೆಯ ಒಲೆಯ ಮೇಲೆ, ಆರನ್ನು ಅವರ ಮನೆಯ ಒಲೆಯ ಮೇಲೆ ಇಟ್ಟೆವು. ದಿನಾ ಬೆಳಿಗ್ಗೆ ಇಳಿಸಿ ಆಡಿ ಮತ್ತೆ ಹೊಗೆಗೆ ಇಡುವುದು. ಇಪ್ಪತ್ತು ದಿನವಾದರೂ ಹನ್ನೆರಡೂ ಹತ್ತಿದವು.

ಮಳೆ ಕಳೆದು ವ್ಯಾಪಾರಿಯವರು ಮಡಿಕೇರಿಗೆ ಬಂದರು. ಆಚಾರ್ರು ಬರಲಿಲ್ಲ. "ನೀನೇ ಹೋಗು. ನಾನ್ ಬಂದ್ರೆ ಮಾತಾಡ್‌ಬಿಡ್ತೀನಿ." ನಾನು ಹನ್ನೆರಡನ್ನೂ ಹೊತ್ತು ಹೋದೆ. ಸ್ಟೇಷನರಿ ಅಂಗಡಿಯಲ್ಲಿ ಅವರು ಒಂದನ್ನು ಎತ್ತಿಕೊಂಡು ಆಡಿದರು, ದೀಪ ಹತ್ತಿತು. ಇನ್ನೊಂದು ಎತ್ತಿಕೊಂಡರು, ಅದೂ ಹತ್ತಿತು. ಪೆಟ್ಟಿಗೆ ಕೆಳಗಿಟ್ಟು ಕೈ ಒರೆಸಿಕೊಂಡರು.

"ಆಟ ಬಹಳ ಚೆನ್ನಾಗಿದೆ ಇವ್ರೇ. ಆದ್ರೆ ಇದಕ್ಕೆ ಮಾರ್ಕೆಟ್ ಇಲ್ಲ."

"ಹತ್ತುತ್ತಾ ಇದೆಯಲ್ಲ ಸ್ವಾಮಿ!"

"ಹತ್ತುತ್ತೆ. ಹೆಸರು ಕೆಟ್ಟಿದೆಯಲ್ಲ. ಬಸ್ ಸ್ಟ್ಯಾಂಡಿಂದ ಇಲ್ಲಿಗೆ ಬರೋಷ್ಟರಲ್ಲಿ ಮೂರು ಜನರನ್ನ ಕೇಳಿದೆ. ಮೂರು ಜನವೂ ಹತ್ತದ ದೀಪ ಅಂದ್ರು. ಮರ ಅಲ್ವೇ, ಮಳೆಗೆ ಉಬ್ಬುತ್ತೆ. ತಗಡಲ್ಲಿ ಮಾಡಿಸೋಣ. ಒಂದೇ ಆಟ ಸಾಕು, ಹಲಗೆ ಬದಲಿಸೋ ರಗಳೆ ಬೇಡ. ನಮ್ಮೋರದೇ ತಗಡಿನ ಕಾರ್ಖಾನೆ ಮೈಸೂರಲ್ಲಿದೆ. ನೀವು ಬಂದು ಕರೆಂಟಿನ ಕೆಲಸ ನೋಡ್ಕೊಳ್ಳಿ. ಮರಗೆಲಸದವರನ್ನ ಬಿಡಿ."

ಒಂದು ವಸ್ತುವಿನ ಭವಿಷ್ಯವನ್ನು ಅದನ್ನು ಆಡಿದವರಿಂದ ತಿಳಿಯಬೇಕೋ, ಬಸ್ ಸ್ಟ್ಯಾಂಡಿನಲ್ಲಿ ಎದುರು ಸಿಕ್ಕವರಿಂದಲೋ? ಕೈಯಲ್ಲಿ ಎರಡು ಸಲ ಹತ್ತಿದ ದೀಪಕ್ಕಿಂತ ಮೂರು ಜನರ ಬಾಯಿ ದೊಡ್ಡದಾಯಿತು. ಒಂದೇ ಪೆಟ್ಟಿಗೆಯಲ್ಲಿ ಹಲವು ಆಟ ಎನ್ನುವುದು ಅವರಿಗೆ ರಗಳೆ. ಆ ರಗಳೆಯೇ ಇಲ್ಲದಿದ್ದರೆ ಅದು ಬರೀ ಆಟಿಕೆ. ಇಂಥವರು ಮಾರ್ಕೆಟ್ ಇಲ್ಲ ಎಂದು ಹೇಳುವುದಿಲ್ಲ, ಮಾರ್ಕೆಟ್ ಇಲ್ಲದಂತೆ ಮಾಡುತ್ತಾರೆ.

ಆಗ ಹೇಳಬೇಕಾಗಿದ್ದದ್ದು ಒಂದೇ ಮಾತು. ಮರ ಉಬ್ಬಲಿಲ್ಲ, ಮೇಣ ಕರಗಿತು, ಮೇಣ ಹಚ್ಚಿದವನು ನಾನು. ಈ ಪ್ರಸಂಗವನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಪ್ರತಿ ಸಲವೂ ಮೇಜು ಗುದ್ದಿ ಎದ್ದು ಆ ಮಾತು ಆಡಿದ್ದೇನೆ. ಬಹಳ ವರ್ಷಗಳ ನಂತರ ಒಂದು ಮದುವೆಯಲ್ಲಿ ಅದೇ ಸ್ಟೇಷನರಿ ಅಂಗಡಿಯವರ ಎದುರಿಗೇ ಹೇಳುತ್ತಿದ್ದೆ. ಎಲೆಯ ಮೇಲಿನ ಕೈ ನಿಲ್ಲಿಸಿ ಅವರು ಕೇಳಿದರು, "ಎಂಥ ಮೇಜು ಮಾರಾಯ್ರೆ? ನನ್ನಂಗಡೀಲಿ ಮೇಜೇ ಇರ್ಲಿಲ್ಲ. ನೀವು ನಾಳೆ ಹೇಳ್ತೇನೆ ಅಂದ್ರಿ."

ನಾಳೆ ಹೇಳುತ್ತೇನೆ ಎಂದಿದ್ದೆ. ಮೈಸೂರು, ಕಾರ್ಖಾನೆ, ಕರೆಂಟಿನ ಕೆಲಸ. ಒಂದು ದಿನದ ಮಟ್ಟಿಗೆ ನನಗೂ ಮರ ಉಬ್ಬಿದರೆ ಅನುಕೂಲವಿತ್ತು.

ಕೊಡ್ಲಿಪೇಟೆಯ ಬಸ್ಸಿನಿಂದ ನಾನು ಇಳಿಯುವಾಗ ಆಚಾರ್ರು ಚಾವಡಿಯಲ್ಲೇ ಇದ್ದರು. ನಡೆದದ್ದನ್ನು ಹೇಳಿದೆ. ಅವರು ಆರ್ಡರಿನ ವಿಷಯ ಕೇಳಲಿಲ್ಲ.

"ಮರ ಕೆಡ್ತು ಅಂದ್ನಲ್ಲ, ಆವಾಗ ನೀನೇನಂದೆ?"

"ನಾಳೆ ಹೇಳ್ತೀನಿ ಅಂದೆ."

ಅವರು ಉಳಿಯ ಅಲಗನ್ನು ಬೆರಳಿನಿಂದ ಸವರಿದರು. "ಹಂಗಾದ್ರೆ ನಾಳೆ ಹೇಳು," ಎಂದರು.

ಹೇಳಿದೆ. ಬೆಳಿಗ್ಗೆಯ ಮೊದಲ ಬಸ್ಸಿಗೆ ಹೋಗಿ, ತಪ್ಪು ಮೇಣದ್ದು, ನನ್ನದು, ತಗಡಿನ ಕೆಲಸಕ್ಕೆ ನಾನು ಬರುವುದಿಲ್ಲ ಎಂದು ವ್ಯಾಪಾರಿಯವರಿಗೆ ಹೇಳಿದೆ. ನಾನು ಕಾಫಿ ಬೇಡವೆಂದರೆ ಹೇಗೋ ಹಾಗೆ ಹಗುರವಾಗಿ ಅವರು, "ಸರಿ ಬಿಡಿ," ಎಂದರು. ಹಿಂದಿನ ದಿನ ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಮಾಡಿದವನೇ ಎದುರಿಗೆ ನಿಂತು, ಮರ ಉಬ್ಬುತ್ತದೆ ಎಂಬ ಮಾತಿಗೆ ಸುಮ್ಮನಿದ್ದುದನ್ನು ಅವರೆಲ್ಲ ನೋಡಿದ್ದರು. ಮಾರನೆಯ ದಿನದ ನನ್ನ ಮಾತು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನ ವಾಪಸು ಬಂದಾಗ ಚಾವಡಿ ಗುಡಿಸಿತ್ತು. ಉಳಿ, ಗರಗಸ, ಹತ್ತರಿ ಏನೂ ಇರಲಿಲ್ಲ. ಹಳೆಯ ಎಸ್ಟೇಟಿಗೆ ಹೋದರು ಎಂದು ಎದುರಿನ ಹೋಟೆಲಿನವರು ಹೇಳಿದರು. ನಾನು ಹುಡುಕಿಕೊಂಡು ಹೋಗಲಿಲ್ಲ. ಎರಡು ವರ್ಷದ ಮೇಲೆ ಸಂತೆಯಲ್ಲಿ ಸಿಕ್ಕಾಗ ಮಾತಾಡಿಸಿದರು, ನಕ್ಕರು ಕೂಡ. ರೈಟರ ಸುದ್ದಿ ಕೇಳಿದೆ. "ಈಗ ಅವ್ನು ಹೇಳ್ದಂಗೇ ಬಾಗ್ಲು ಮಾಡ್ತೀನಿ," ಎಂದರು. ಅವರು ತೀರಿಕೊಂಡು ಈಗ ಬಹಳ ಕಾಲವಾಯಿತು. ಬೇರೆ ಆಚಾರಿಯನ್ನು ಹಿಡಿದು ದೀಪದಾಟ ಮಾಡಲು ನನಗೆ ಮನಸ್ಸು ಬರಲಿಲ್ಲ. ತಗಡಿನದು ಬಂತೋ ಇಲ್ಲವೋ ತಿಳಿಯದು. ಬಂದಿದ್ದರೂ ಯಾರೂ ಅದನ್ನು ಬೀರುವಿನಲ್ಲಿ ಇಟ್ಟುಕೊಂಡಿಲ್ಲ.

ಪಾಲಿಬೆಟ್ಟದ ಯಜಮಾನರ ಬೀರುವಿನಲ್ಲಿದ್ದದ್ದು ನಮಗೆ ವಾಪಸು ಬಾರದ ಪೆಟ್ಟಿಗೆಗಳಲ್ಲಿ ಒಂದು. ಅದರ ಮುಂದೆ ಒಂದು ಕಾರ್ಡು, ಕಾರ್ಡಿನಲ್ಲಿ ಅಚ್ಚಿನಂಥ ಅಕ್ಷರದಲ್ಲಿ ನನ್ನ ಹೆಸರು, ಕೆಳಗೆ ಮರದ ದೋಷದ ಮಾತು.

"ಮುಚ್ಚಳ ಎಳೆಯಿರಿ," ಎಂದೆ.

ಎಳೆದರು. ಎರಡು ಬೆರಳಿಗೆ ಬಂತು. ಒಳಗೆ ಮೂಲೆಯಲ್ಲಿ ಕಂದು ಬಣ್ಣದ ಗಡ್ಡೆ.

"ಇದೇನು ಸರ್, ಮರದ ಅಂಟಾ?"

"ನಾನು ಹಚ್ಚಿದ ಮೇಣ. ಕೆಟ್ಟದ್ದು ಇದರಿಂದ. ಮರದಿಂದ ಅಲ್ಲ."

ಅವರು ನಕ್ಕರು. "ದೊಡ್ಡೋರು ಯಾವಾಗಲೂ ತಪ್ಪು ತಮ್ಮ ಮೇಲೇ ಹಾಕ್ಕೊಳ್ತಾರೆ."

ಪೆನ್ನು ಕೇಳಿ ಇಸಿದುಕೊಂಡೆ. ಮರದ ದೋಷದ ಸಾಲನ್ನು ಅಡ್ಡ ಹೊಡೆದು, ಈ ಬರಹದಲ್ಲಿ ಯಾರ ಹೆಸರೂ ಇಲ್ಲದಿದ್ದರೂ ಆ ಕಾರ್ಡಿನಲ್ಲಿ ಆಚಾರ್ರ ಪೂರ್ತಿ ಹೆಸರು ಬರೆದೆ. ಪೆಟ್ಟಿಗೆ ಅವರದು, ಮರ ಕೆಟ್ಟಿಲ್ಲ, ಮೇಣ ನನ್ನದು ಎಂದು ಬರೆದೆ. ನೀಟಾಗಿ ಬೇರೆ ಬರೆಸುತ್ತೇನೆ ಸರ್ ಎಂದರು. ಬೇಡ, ಹಾಗೇ ಇರಲಿ ಎಂದೆ.

ಆಮೇಲೆ ಮೇಣವನ್ನು ಕೆರೆದು ತೆಗೆಯೋಣ ಎಂದು ಬೆರಳಿಟ್ಟೆ. ಉಗುರು ಒಳಗೆ ಇಳಿಯಿತು. ಪೆಟ್ಟಿಗೆ ಬೆಚ್ಚಗಿತ್ತು. ಆಗ ನೋಡಿದೆ, ಬೀರುವಿನ ಕೆಳಗಿನ ಹಂತದಲ್ಲಿ ಒಂದು ಬಲ್ಬು ಉರಿಯುತ್ತಿತ್ತು.

"ಮಳೆಗಾಲ ಅಲ್ವಾ ಸರ್," ಎಂದರು ಯಜಮಾನರು, ಪೆಟ್ಟಿಗೆಯ ಬೆನ್ನಿನ ಚೀಟಿಯ ಕಡೆ ತೋರಿಸುತ್ತ. "ಒಣಗಿದ ಜಾಗದಲ್ಲಿ ಇಡಿ ಅಂತ ನೀವೇ ಬರೆದಿದ್ದೀರಲ್ಲ."